ಕಿಟಕಿ ಕಡೆಯ ಸ್ವಿಚ್ಚು

2015ರ ಫೆಬ್ರವರಿ 9, ಸೋಮವಾರ, ಸಂಜೆ 5 ಗಂಟೆ 40 ನಿಮಿಷ. ನಾವು ಕಟ್ಟಿಸುತ್ತಿದ್ದ ಮನೆಯ ಮಲಗುವ ಕೋಣೆಯಲ್ಲಿ ನಿಂತಿದ್ದೆ. ಗೋಡೆಗೆ ಇನ್ನೂ ಗಿಲಾವು ಆಗಿರಲಿಲ್ಲ. ಮಂಚ ಬರುವ ಜಾಗದ ಎರಡು ಬದಿಗೂ ಸ್ವಿಚ್ಚಿನ ಪೆಟ್ಟಿಗೆ ಕೂರಿಸಲು ಇಟ್ಟಿಗೆ ಕೊರೆದು ಗುಂಡಿ ಮಾಡಿದ್ದರು. ಒಂದು ಗುಂಡಿ ಕಿಟಕಿ ಕಡೆ, ಇನ್ನೊಂದು ಬಾಗಿಲ ಕಡೆ. ಮಂಚ ನೂರೆಂಬತ್ತು ಸೆಂಟಿಮೀಟರ್ ಅಗಲ ಎಂದು ಲೆಕ್ಕ. ಯಾವ ಬದಿಯಲ್ಲಿ ಮಲಗಿದವರಾದರೂ ಏಳದೆ ಅದೇ ದೀಪವನ್ನು ಆರಿಸಬಹುದು. ಹೀಗಿರಲಿ ಎಂದು ನಕ್ಷೆಯಲ್ಲಿ ಸೇರಿಸಿದ್ದು ನನ್ನ ಗಂಡ.

ಕಿಟಕಿ ಕಡೆಯ ಗುಂಡಿಗೆ ವೈರು ಹಾಯಿಸುವ ಪೈಪು ಬಂದಿತ್ತು. ಬಾಗಿಲ ಕಡೆಯದಕ್ಕೆ ಬಂದಿರಲಿಲ್ಲ.

ಗಂಡ ನವೆಂಬರಿನಿಂದ ಅವರ ಅಣ್ಣನ ಮನೆಯಲ್ಲಿದ್ದರು. "ಸ್ವಲ್ಪ ದಿನ ಅಲ್ಲಿರ್ತೀನಿ" ಎಂದು ಒಂದು ಚೀಲ ಹಿಡಿದು ಹೋದವರು. ಜಗಳವಾಗಿರಲಿಲ್ಲ. ಆಗಿದ್ದರೆ ಇಂಥಲ್ಲಿಂದ ಶುರುವಾಯಿತು ಎಂದಾದರೂ ಹೇಳಬಹುದಿತ್ತು. ಈ ಮನೆ ಮುಗಿದ ಮೇಲೆ ಇಲ್ಲಿಗೆ ಬರುತ್ತಾರೋ ಇಲ್ಲವೋ, ನನಗೆ ತಿಳಿಯಬೇಕಾಗಿದ್ದದ್ದು ಅಷ್ಟೇ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಅಲ್ಲಿ ಬಾಟಲಿಯಲ್ಲಿ ಏನಿದೆ ಎಂದು ಊಹಿಸುತ್ತಾ ಕೂರಬೇಕಾಗಿಲ್ಲ.

ಅವರು ಬೆಳಿಗ್ಗೆ ಸೈಟಿಗೆ ಬಂದು ಹೋಗುತ್ತಿದ್ದರು, ನಾನು ಸಂಜೆ. ನಾವು ಬೇರೆ ಬೇರೆ ಇದ್ದೇವೆಂದು ಕಂಟ್ರಾಕ್ಟರಿಗೆ ಗೊತ್ತಿರಲಿಲ್ಲ. ಏನು ಹೇಳಿದರೂ "ಆಯ್ತು ಬಿಡಿ" ಎನ್ನುವ ಮನುಷ್ಯ. ಪಾಯ ತೋಡುವಾಗಲೇ ನಾವಿಬ್ಬರೂ ಸೇರಿ ಆತನಿಗೆ ಆಯ್ತುಬಿಡಿ ಎಂದು ಹೆಸರಿಟ್ಟಿದ್ದೆವು. ಕೊನೆಗೆ ಯಾರು ಹೇಳಿದರೋ ಅವರ ಮಾತನ್ನು ನಡೆಸುವುದು ಆತನ ಪದ್ಧತಿ. ಬಚ್ಚಲ ಬಾಗಿಲು ಒಳಕ್ಕೆ ತೆರೆಯಲಿ ಎಂದು ಇವರು ಬೆಳಿಗ್ಗೆ ಹೇಳಿದರೆ, ಹೊರಕ್ಕೆ ಎಂದು ನಾನು ಸಂಜೆ ಹೇಳುತ್ತಿದ್ದೆ. ಮರುದಿನ ಮತ್ತೆ ಒಳಕ್ಕೆ. ಅಡುಗೆಮನೆಯ ಕಿಟಕಿ ಎರಡು ಸಲ ಮೇಲೆ ಹೋಗಿ ಎರಡು ಸಲ ಕೆಳಗಿಳಿದಿತ್ತು. ಫೋನಿನಲ್ಲಿ ನಾವು ಅಷ್ಟು ಮಾತಾಡುತ್ತಿರಲಿಲ್ಲ.

"ಇಲ್ಲಿಗ್ಯಾಕೆ ಪೈಪ್ ಎಳೆದಿಲ್ಲ?" ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿದೆ.

ಅವನು ಏಣಿಯ ಮೇಲಿದ್ದ. ಹಲ್ಲಲ್ಲಿ ಕಚ್ಚಿದ್ದ ತಂತಿ ತೆಗೆದು ಹೇಳಿದ: "ಬೇಡ ಅಂದ್ರಕ್ಕಾ. ಸಾರ್ ಬೆಳಿಗ್ಗೆ ಬಂದಿದ್ರಲ್ಲ, ಒಂದೇ ಸಾಕಂತೆ. ಬಾಗಿಲ ಕಡೇದೇ ಇಟ್ಕೊಳ್ಳೋಣ, ಒಳಗೆ ಬಂದ ಕೂಡಲೇ ಕೈಗೆ ಸಿಗುತ್ತೆ ಅಂದೆ ನಾನು. ಇಲ್ಲಪ್ಪ, ನಿಮ್ಮಕ್ಕ ಮಲಗೋದು ಕಿಟಕಿ ಕಡೆ ಅಂದ್ರು."

ಹೌದು. ಬಾಡಿಗೆ ಮನೆಗಳಲ್ಲೆಲ್ಲ ನಾನು ಮಲಗಿದ್ದು ಕಿಟಕಿ ಕಡೆಗೇ.

ಟೇಪು ತೆಗೆದು ಬಾಗಿಲ ಕಡೆಯ ಗುಂಡಿಯ ಆಳ ಅಳೆದೆ. ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಬೆರಳಿಗೆ ಕೆಂಪು ಪುಡಿ ಅಂಟಿತು. ಸೀರೆಗೆ ಒರೆಸಿಕೊಂಡ ಮೇಲೆ, ಒರೆಸಬಾರದಿತ್ತು ಎನ್ನಿಸಿತು.

ಆಯ್ತುಬಿಡಿ ಒಳಗೆ ಬಂದ. "ಏನ್ ಮೇಡಂ, ಬದಲಾಯಿಸ್ಬೇಕಾ? ಈಗ್ಲೇ ಹೇಳ್ಬಿಡಿ ಪುಣ್ಯ ಬರುತ್ತೆ. ನಾಳೆ ಬೆಳಗಾಗ್ತಿದ್ದ ಹಾಗೇ ಗಿಲಾವಿನವರು ಬರ್ತಾರೆ. ಆಮೇಲೆ ಸಾರ್ ಒಂದು ಅಂದು, ನೀವೊಂದು ಅಂದ್ರೆ, ಈ ಗೋಡೆ ಎದ್ದು ಓಡಿಹೋಗುತ್ತೆ ನೋಡಿ."

"ಹೋಗ್ಲಿ ಬಿಡಣ್ಣ, ನನ್ನ ವೈರ್ ಬಿಟ್ಟು ಹೋಗ್ಲಿ," ಎಂದ ಏಣಿಯ ಮೇಲಿನವನು.

ಇಬ್ಬರೂ ನಕ್ಕರು. ನಾನೂ ನಕ್ಕೆನೇನೋ.

ಎರಡೂ ಇರಲಿ ಎಂದುಬಿಡಬಹುದಿತ್ತು. ಹೊರಡುವ ಮೊದಲು ಅವನು ಪೈಪು ಎಳೆದಿರುತ್ತಿದ್ದ. ಬೆಳಿಗ್ಗೆ ಇವರು ಬಂದು ನೋಡುತ್ತಿದ್ದರು. ಒಂದೇ ಸಾಕು ಎಂದು ಮತ್ತೆ ಹೇಳುತ್ತಿದ್ದರು, ಅಥವಾ ಸುಮ್ಮನೆ ಹೋಗುತ್ತಿದ್ದರು. ಮೂರು ತಿಂಗಳು ಹೀಗೇ ನಡೆದಿತ್ತು, ಇನ್ನೂ ನಡೆಸಬಹುದಿತ್ತು. ಆದರೆ ಇವರು ಈ ಸಲ ನನ್ನ ಬದಿಯನ್ನು ಉಳಿಸಿ ತಮ್ಮದನ್ನು ತೆಗೆಸಿದ್ದರು. ಉತ್ತರ ಅದರಲ್ಲೇ ಇತ್ತು.

"ಅವರು ಹೇಳಿದ ಹಾಗೇ ಮಾಡಿ. ಆ ಗುಂಡಿ ಮುಚ್ಚಿಸಿ," ಎಂದೆ.

ಆಯ್ತುಬಿಡಿ ಚಪ್ಪಾಳೆ ತಟ್ಟಿದ. "ಅಬ್ಬಬ್ಬಾ! ಪಾಯ ಹಾಕಿದಾಗಿಂದ ಗಂಡ ಹೆಂಡ್ತಿ ಇಬ್ರೂ ಒಂದೇ ಮಾತು ಹೇಳಿದ್ದು ಇವತ್ತೇ. ನಾಳೆ ಸಾರ್‌ಗೆ ಹೇಳ್ತೀನಿ ತಡೀರಿ, ಖುಷಿ ಪಡ್ತಾರೆ."

"ಹೇಳಿ," ಎಂದೆ.

ಆತ ತಾನೇ ಹೊರಗೆ ಹೋಗಿ ಕರಣಿಯಲ್ಲಿ ಸಿಮೆಂಟು ತಂದ. ಗುಂಡಿಗೆ ಇಟ್ಟಿಗೆಯ ಚೂರು ತುರುಕಿ, ಮೇಲೆ ಮೆತ್ತಿ, ಕರಣಿಯ ಬೆನ್ನಿನಿಂದ ಸವರಿದ. ಸುತ್ತಲಿನ ಇಟ್ಟಿಗೆಗಿಂತ ಅಷ್ಟು ಜಾಗ ಮಾತ್ರ ಕಪ್ಪಾಗಿ, ಒದ್ದೆಯಾಗಿ ಕಾಣುತ್ತಿತ್ತು. ಗಿಲಾವು ಬಿದ್ದರೆ ಅದೂ ಕಾಣುವುದಿಲ್ಲ.

"ಹಾಂ ಮೇಡಂ, ಬಡಗಿ ಮಂಚದ ಅಗಲ ಕೇಳ್ತಿದ್ದಾನೆ. ಅದೇ ನೂರೆಂಬತ್ತು ತಾನೇ?"

"ಅಲ್ಲ. ತಡೀರಿ."

ಟೇಪಿನ ತುದಿಯನ್ನು ಕಿಟಕಿ ಕಡೆ ಹಿಡಿಯಲು ಎಲೆಕ್ಟ್ರಿಷಿಯನ್ನಿಗೆ ಹೇಳಿದೆ. ಬಾಗಿಲ ಕಡೆಗೆ ಎಳೆಯುತ್ತಾ ಬಂದೆ. ಸಾಕೆನ್ನಿಸಿದ ಕಡೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಂಕಿ ಓದಿ ಹೇಳಿದೆ.

ತೊಂಬತ್ತು ಸೆಂಟಿಮೀಟರ್.