ಆಯಸ್ಕಾಂತ ಹಿಡಿಯದ ಸೈಕಲ್

ಹಳೇ ಸೈಕಲ್‌ಗಳ ಸವಾರಿಗೆ ಬರುವವರಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಯಸ್ಕಾಂತದ ಮೇಡಂ ಎಂದರೆ ಮಾತ್ರ ಎಲ್ಲರೂ ನೆಟ್ಟಗೆ ನಿಲ್ಲುತ್ತಿದ್ದರು. ಹೊರಡುವ ಮುನ್ನ ಪ್ರತಿ ಸೈಕಲ್ಲನ್ನೂ ಪರೀಕ್ಷಿಸುವ ಕೆಲಸ ಅವಳದು. ಫ್ರೇಮ್ ಆಯಸ್ಕಾಂತ ಕಚ್ಚುವ ಉಕ್ಕಿನದೇ ಆಗಿರಬೇಕು, ಬ್ರೇಕ್ ವೈರು ಹ್ಯಾಂಡಲಿನ ಹೊರಗೆ ಕಾಣಬೇಕು. ತಪ್ಪಿದರೆ ಆ ಬ್ರಹ್ಮನೇ ಬಂದು ಹೇಳಿದರೂ ಬಿಡುತ್ತಿರಲಿಲ್ಲ.

ಈ ಸಲ ಅವಳೂ ಸವಾರಿಗೆ ಹೊರಟಿದ್ದಳು. ತೀರಿಕೊಂಡ ಅಪ್ಪ ಇದೇ ದಾರಿಯಲ್ಲಿ ತುಳಿಯುತ್ತಿದ್ದ ಸೈಕಲ್ಲಿನಲ್ಲಿ ಒಮ್ಮೆಯಾದರೂ ಆ ದಾರಿಯ ಗುಡ್ಡ ಹತ್ತಬೇಕು, ಅಷ್ಟೇ ಅವಳ ಆಸೆ. ಹೋದ ವರ್ಷ ಅದಕ್ಕೆ ಹೊಸ ಬಣ್ಣ ಹೊಡೆದುಕೊಟ್ಟವನು ಗಂಡ. ಅವನ ಕಸುಬೇ ಅದು. ಇಷ್ಟು ಹಗುರ ಹೇಗಾಯಿತು ಎಂದು ಕೇಳಿದ್ದಕ್ಕೆ, ತುಕ್ಕು ಹೆರೆದರೆ ಮನುಷ್ಯನೂ ಹಗುರಾಗುತ್ತಾನೆ ಎಂದು ನಗಿಸಿದ್ದ. ಊರವರ ಸೈಕಲ್ಲೆಲ್ಲ ಜಾಲಾಡುವವಳು ಮನೆಯದಕ್ಕೆ ಆಯಸ್ಕಾಂತ ಹಿಡಿಯುತ್ತಾಳೆಯೇ?

ಅಂದು ಬೆಳಿಗ್ಗೆ ಬೇಕರಿಯವನೊಬ್ಬನ ಬ್ರೇಕ್ ವೈರು ಹ್ಯಾಂಡಲಿಗೆ ಸುತ್ತಿದ ಪಟ್ಟಿಯೊಳಗೆ ಅಡಗಿತ್ತು. ಆತ ಎಷ್ಟು ಅಂಗಲಾಚಿದರೂ ಅವಳು ಜಗ್ಗಲಿಲ್ಲ. ಕೊನೆಗೆ ಮುಖ ಊದಿಸಿಕೊಂಡು, "ನಿಮ್ಮದನ್ನ ಯಾರು ನೋಡ್ತಾರೆ ಮೇಡಂ?" ಅಂದ.

ಸಾಲಿನಲ್ಲಿದ್ದವರು ನಕ್ಕರು. ಅವಳೂ ನಗುತ್ತಲೇ ಆಯಸ್ಕಾಂತವನ್ನು ಅಪ್ಪನ ಸೈಕಲ್ಲಿನ ಫ್ರೇಮಿಗೆ ತಾಗಿಸಿ ಕೈಬಿಟ್ಟಳು. ಅದು ಟಪ್ಪನೆ ನೆಲಕ್ಕೆ ಬಿತ್ತು.

ಎತ್ತಿ, ಸೆರಗಿನಲ್ಲಿ ಒರೆಸಿ, ಇನ್ನೊಂದು ಕಡೆ ಹಿಡಿದಳು. ಮತ್ತೆ ಬಿತ್ತು. ಸಾಲಿನಲ್ಲಿ ಯಾರೂ ಈಗ ನಗುತ್ತಿರಲಿಲ್ಲ. ತಿರುಗಿ ನೋಡಿದರೆ, ನೀರಿನ ಬಾಟಲಿ ಹಿಡಿದು ನಿಂತಿದ್ದ ಗಂಡನ ಮುಖ ಬಿಳಿಚಿಕೊಂಡಿತ್ತು.

"ಅಪ್ಪನ ಸೈಕಲ್ ಎಲ್ಲಿ?"

ಬಣ್ಣ ಕೆರೆಯುವಾಗ ಹ್ಯಾಂಡಲಿನ ಬುಡದಲ್ಲಿ ಫ್ರೇಮ್ ಬಿರುಕು ಬಿಟ್ಟದ್ದು ಕಂಡಿತಂತೆ. ಒಂಚೂರು ಒತ್ತಿದ್ದೇ ತಡ, ಮುರಿದು ಎರಡಾಯಿತಂತೆ. ಆಗ ಅಪ್ಪ ಹೋಗಿ ಇನ್ನೂ ತಿಂಗಳೂ ತುಂಬಿರಲಿಲ್ಲ. ಹೇಳಲು ಬಾಯಿ ಬರದೆ, ಅದೇ ಅಳತೆಯ ಅಲ್ಯೂಮಿನಿಯಂ ಫ್ರೇಮೊಂದನ್ನು ತಂದು ಅಪ್ಪನ ಸೀಟು, ಹ್ಯಾಂಡಲ್, ಗಾಲಿಗಳನ್ನು ಜೋಡಿಸಿಬಿಟ್ಟನಂತೆ. ಮುರಿದದ್ದು ಗುಜರಿಗೆ ಹೋಗಿತ್ತು.

"ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ," ಅಂದ ಅವನು. "ನೀನು ದಿನಾ ಸುತ್ತಾಡ್ಕೊಂಡು ಬಂದು, ಅಪ್ಪ ಜೊತೆಗೇ ಇದ್ದ ಹಾಗಿತ್ತು ಅಂತಿದ್ದೆ. ಹೇಗೆ ಹೇಳ್ಲಿ?"

ಗಂಡನ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು. ಆದರೆ ಅವಳನ್ನು ಚುಚ್ಚಿದ್ದು ಅದೊಂದೇ ಅಲ್ಲ. ಬೆನ್ನಿಗೆ ಕಟ್ಟಿಕೊಂಡಿದ್ದ ಸವಾರಿಯ ನಂಬರು ಬಿಚ್ಚಿ ಮೇಜಿನ ಮೇಲಿಟ್ಟು, ಸೈಕಲ್ ತಳ್ಳಿಕೊಂಡು ಬೇಕರಿಯವನ ಪಕ್ಕ ಹೋಗಿ ನಿಂತಳು. ಆತ ಸರಿದು ಜಾಗ ಕೊಟ್ಟ.

ಉಳಿದವರು ಗಂಟೆ ಬಾರಿಸುತ್ತ ಗುಡ್ಡದ ಕಡೆ ಹೊರಟರು. ಅವಳು ಫ್ರೇಮನ್ನೇ ನೋಡುತ್ತಿದ್ದಳು. ಇದರ ಮೇಲೆ ಕೂತು ವರ್ಷವಿಡೀ ಅಪ್ಪನ ಜೊತೆ ಮಾತಾಡಿದ್ದಳು. ಒಂದು ದಿನವೂ ಅವಳಿಗೆ ಅನುಮಾನ ಬಂದಿರಲಿಲ್ಲ.