ಇಲ್ಲಿಯವರೆಗೆ ಅರ್ಥವಾಯಿತೇ?

ಪಾಠದ ನಡುವೆ ಯಾರಾದರೂ ಬಾಗಿಲು ತಟ್ಟಿದರೆ ಲೆಕ್ಕದ ಟೀಚರ್‌ಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಭಿನ್ನರಾಶಿಯ ಭಾಗಾಕಾರ ಮಕ್ಕಳ ತಲೆಗೆ ಇನ್ನೇನು ಇಳಿಯಿತು ಅನ್ನುವ ಹೊತ್ತಿನಲ್ಲಿ ತಟ್ಟಿದರಂತೂ ಮುಗಿದೇ ಹೋಯಿತು. ಆ ದಿನ ಮಧ್ಯಾಹ್ನ ಒಂದೂಕಾಲಿಗೆ ತಟ್ಟಿದವನು ಅವಳ ಗಂಡ. ಮದುವೆಯಾಗಿ ಹದಿನಾರು ವರ್ಷವಾದರೂ ಒಂದು ದಿನಕ್ಕೂ ಆ ಶಾಲೆಯ ಮೆಟ್ಟಿಲು ಹತ್ತದ ಮಹಾನುಭಾವ, ಸುಣ್ಣ ಬಳಿದಂಥ ಮುಖ ಹೊತ್ತು ನಿಂತಿದ್ದ.

ಅವಳು ಸೀಮೆಸುಣ್ಣ ಹಿಡಿದೇ ಬಾಗಿಲಿಗೆ ಓಡಿದಳು. "ಅತ್ತೆಗೆ ಏನಾಯ್ತು?"

"ಅಮ್ಮ ಚೆನ್ನಾಗಿದಾರೆ," ಎಂದ ಅವನು. "ನಿಂದೊಂದು ಸಹಿ ಬೇಕಿತ್ತು. ನಾಲ್ಕು ಗಂಟೆಯೊಳಗೆ."

ಅವನ ಹಿಂದೆ ಕುಳ್ಳಗಿನ ಹೆಂಗಸೊಬ್ಬಳು, ಕಿವಿಯ ಸಂದಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಎದೆಗೆ ಚೀಲ ಅವುಚಿಕೊಂಡು, ತುದಿಗಾಲಲ್ಲಿ ನಿಂತಿದ್ದಳು. ಅವಳನ್ನು ಟೀಚರ್ ಅದುವರೆಗೆ ಕಂಡಿರಲಿಲ್ಲ, ಕೇಳಿ ಮಾತ್ರ ಗೊತ್ತು. ಗಂಡ ಎಂಜಿನಿಯರ್ ಆಗಿದ್ದ ಕಂಪನಿ ಕಿವಿ ಕೇಳದವರಿಗೆ ಕಿವಿ ಮಷಿನ್ ತಯಾರಿಸುತ್ತಿತ್ತು. ಅದರೊಳಗಿನ ಕೋಡ್‌ನ ಪ್ರತಿಯೊಂದು ಸಾಲನ್ನೂ ಯಾರು ಬರೆದರು, ಅದು ಯಾರ ಸ್ವತ್ತು, ಯಾವ ಲೈಸೆನ್ಸಿನಲ್ಲಿದೆ ಎಂದು ಸೋಸಿ ಸೋಸಿ ನೋಡುವುದೇ ಈ ಹೆಂಗಸಿನ ಕೆಲಸ. ಆಫೀಸಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಜರಡಿ ಅನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಮೂವರೂ ಸ್ಟಾಫ್ ರೂಮಿಗೆ ಬಂದರು. ಒಂದು ಕಡೆ ಜಜ್ಜಿಹೋದ ಭೂಗೋಳ, ತಿದ್ದಲು ಬಿದ್ದಿರುವ ನೋಟ್‌ಪುಸ್ತಕಗಳ ರಾಶಿ, ಗೋಡೆಯ ಮೇಲೆ ಐದು ನಿಮಿಷ ಮುಂದೆ ಓಡುವ ಗಡಿಯಾರ. ಜರಡಿ ಪುಸ್ತಕಗಳನ್ನು ಅತ್ತ ಸರಿಸಿ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

"ಮೇಡಂ, ಇದನ್ನ ಬರೆದಿದ್ದು ನೀವಾ?"

ಹಾಳೆಯ ತುಂಬ ಕೋಡ್ ಇತ್ತು. ಹತ್ತು ಹದಿನೈದು ಸಾಲಿಗೊಮ್ಮೆ ಒಂದು ಟಿಪ್ಪಣಿ. ಮೊದಲನೆಯದನ್ನು ಓದುತ್ತಿದ್ದಂತೆ ಟೀಚರ್ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. 'ಮಾತು ನಿಧಾನವಾಗಿ ಏರುತ್ತದೆ, ಗದ್ದಲ ಒಂದೇ ಸಮನೆ ಇರುತ್ತದೆ. ಎರಡನ್ನೂ ಬೇರೆ ಮಾಡುವುದು ಹೀಗೆ. ಇಲ್ಲಿಯವರೆಗೆ ಅರ್ಥವಾಯಿತೇ? ಮುಂದೆ ಹೋಗೋಣ.'

ಅವಳದೇ ಮಾತು. ಅವಳದೇ ಪೂರ್ಣವಿರಾಮ. ಹನ್ನೊಂದು ವರ್ಷದ ಹಿಂದಿನ ಬೇಸಿಗೆ ರಜೆ ಕಣ್ಣ ಮುಂದೆ ಬಂತು. ಮಾತು, ಫ್ಯಾನು, ಪಾತ್ರೆ ಎಲ್ಲವನ್ನೂ ಒಂದೇ ಜೋರಿನಲ್ಲಿ ಕಿವಿಗೆ ತುರುಕುವ ಮಷಿನ್ನಿನ ಎದುರು ಗಂಡ ಮೂರು ವಾರ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವಳು ಕಾಲೇಜಿನಲ್ಲಿ ಕಲಿತ ಪ್ರೋಗ್ರಾಮಿಂಗ್ ಇನ್ನೂ ಕೈಯಲ್ಲಿತ್ತು. ಊಟದ ಮೇಜಿನ ಮೇಲೆ ಅವನದೇ ಲ್ಯಾಪ್‌ಟಾಪ್, ಅವನದೇ ಲಾಗಿನ್. ಎಂಟು ದಿನ ಹಸಿವು ನಿದ್ದೆ ಮರೆತು ಬರೆದಿದ್ದಳು. ಅವನು ಅದನ್ನು ಆಫೀಸಿಗೆ ಒಯ್ದ. ಮೂರನೆಯ ದಿನ ಬಂದು, "ಅದು ಹೊಂದಲಿಲ್ಲ ಕಣೇ, ನಾವು ಬೇರೆ ಥರ ಮಾಡಿದ್ವಿ," ಅಂದ. ತನಗೆ ಅಷ್ಟೇ ಬರುವುದು ಅಂದುಕೊಂಡು ಅವಳು ಸುಮ್ಮನಾದಳು. ಆಮೇಲೆ ಒಂದು ಸಾಲು ಕೋಡ್ ಬರೆಯಲಿಲ್ಲ.

"ಹೌದು, ನಂದೇ," ಎಂದಳು. "ಎಲ್ಲಿ ಸಿಕ್ತು ಇದು? ಯಾವುದೋ ಹಳೇ ಕಸದಲ್ಲಾ?"

"ಕಸವಾ?" ಜರಡಿ ಕಣ್ಣರಳಿಸಿದಳು. "ಮೇಡಂ, ಹನ್ನೊಂದು ವರ್ಷದಿಂದ ಇದು ನಲವತ್ತು ಸಾವಿರ ಜನರ ಕಿವಿಯಲ್ಲಿ ಓಡ್ತಿದೆ."

ಟೀಚರ್‌ಗೆ ಮೊದಲು ಬಂದದ್ದು ಕೋಪವಲ್ಲ, ಸುಳ್ಳೇಕೆ ಹೇಳಲಿ. ನಗು ಬಂತು. ಎದ್ದು ನಿಂತಳು, ಮತ್ತೆ ಕೂತಳು, ಮತ್ತೆ ಎದ್ದಳು. "ಓಡ್ತಿದೆಯಾ? ನಿಜವಾಗ್ಲೂ? ಹಾಗಾದ್ರೆ ಅತ್ತೆ ಕಿವೀಲಿರೋದು?"

"ಅದೇ," ಎಂದ ಗಂಡ, ನೆಲ ನೋಡುತ್ತ.

ಕೋಪ ಬಂದದ್ದು ಆಗ. ಮನೆಗೆ ಯಾರೇ ಬಂದರೂ ಅತ್ತೆ ಕೈಯಿಂದ ಕಿವಿ ತೋರಿಸಿ, "ಇದು ನನ್ನ ಮಗ ಕೊಟ್ಟ ಕಿವಿ," ಅನ್ನುತ್ತಿದ್ದರು. ಬಂದವರಿಗೆ ನೀರು ಕೊಡುತ್ತ ಸೊಸೆ ಅದನ್ನು ನೂರಾರು ಸಲ ಕೇಳಿದ್ದಳು, ಹೆಮ್ಮೆಯನ್ನೂ ಪಟ್ಟಿದ್ದಳು. ಇದೇ ಕೋಡ್‌ನಿಂದ ಇವನು ತಂಡದ ಮುಖ್ಯಸ್ಥನೂ ಆಗಿದ್ದ.

"ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ, ಇವತ್ತು ಬೀಗದ ಕೈ ಎಲ್ಲಿ ಸಿಕ್ತು?"

ಜರಡಿ ಗಡಿಯಾರ ನೋಡಿ ಚುರುಕಾಗಿ ವಿಷಯ ಬಿಡಿಸಿದಳು. ಕಂಪನಿ ನಾಳೆ ಬೇರೆಯವರ ಕೈ ಸೇರುತ್ತದೆ. ಹೊಸಬರು ಈ ಹಳೆಯ ಮಷಿನ್ನನ್ನು ನಿಲ್ಲಿಸುತ್ತಾರೆ. ಅದನ್ನು ಹಾಕಿಕೊಂಡವರಿಗೆ ಆಮೇಲೆ ರಿಪೇರಿಯಿಲ್ಲ, ಹೊಂದಿಸುವವರಿಲ್ಲ, ಒಂದೊಂದೇ ಮೂಕವಾಗುತ್ತದೆ. ಅದಕ್ಕೆ ಹಳೆಯ ಡೈರೆಕ್ಟರು ಹೋಗುವ ಮುಂಚೆ ಕೋಡ್ ಪೂರ್ತಿ ಒಂದು ಮುಕ್ತ ತಂತ್ರಾಂಶ ಸಂಸ್ಥೆಗೆ ದಾನ ಕೊಡಲು ಒಪ್ಪಿದ್ದಾರೆ. ಕೊಟ್ಟುಬಿಟ್ಟರೆ ಯಾವ ಊರಿನ ಯಾವ ರಿಪೇರಿಯವನಾದರೂ ಅದನ್ನು ತೆಗೆದು ನೋಡಬಹುದು, ಸರಿಮಾಡಬಹುದು, ಹಂಚಬಹುದು. ಆದರೆ ಯಾರದೆಂದು ಖಚಿತವಿಲ್ಲದ ಒಂದೇ ಒಂದು ಫೈಲು ಇದ್ದರೂ ಸಂಸ್ಥೆ ಮುಟ್ಟುವುದಿಲ್ಲ. ಇವತ್ತು ನಾಲ್ಕಕ್ಕೆ ಡೈರೆಕ್ಟರು ಪೆನ್ನು ಕೆಳಗಿಡುತ್ತಾರೆ, ಆಮೇಲೆ ಅವರ ಸಹಿ ನಡೆಯುವುದಿಲ್ಲ.

"ನಾನೂರ ಹನ್ನೆರಡು ಫೈಲು. ನಾನೂರ ಹನ್ನೊಂದು ಮುಗೀತು. ಇದೊಂದೇ ಉಳಿದಿದ್ದು. ಇದನ್ನ ಬಿಟ್ಟು ಕೊಡೋಣ ಅಂದ್ರೆ, ಮಾತು ಗದ್ದಲ ಬೇರೆ ಮಾಡೋದೇ ಇದು."

"ಇವರದಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಜರಡಿಯ ಮುಖ ಅರಳಿತು. ಕಸುಬಿನ ಹೆಮ್ಮೆ ಯಾರಿಗಿಲ್ಲ? "ಸಾರ್ ಬರೆದ ಮೂವತ್ತೆಂಟು ಫೈಲು ಓದಿದೀನಿ ಮೇಡಂ. ಒಂದರಲ್ಲೂ ಒಂದು ಪೂರ್ತಿ ವಾಕ್ಯ ಇಲ್ಲ. ಇದರಲ್ಲಿ ನೋಡಿದ್ರೆ ಓದೋರನ್ನ ಅರ್ಥವಾಯಿತೇ ಅಂತ ಕೇಳ್ತಾರೆ! ನಾನು ಇಪ್ಪತ್ತು ವರ್ಷದಲ್ಲಿ ಅಂಥ ಎಂಜಿನಿಯರ್‌ನ ನೋಡಿಲ್ಲ. 'ಇದು ನನ್ನ ಸ್ವಂತ ಕೆಲಸ' ಅನ್ನೋ ಕಾಗದ ಇವತ್ತು ಬೆಳಿಗ್ಗೆ ಮುಂದಿಟ್ಟೆ. ಪೆನ್ನು ಎತ್ತಿದ್ರು, ಸಹಿ ಹಾಕೋಕೆ ಆಗದೆ ನಿಮ್ಮ ಹೆಸರು ಹೇಳಿದ್ರು."

ಟೀಚರ್ ಗಂಡನ ಕಡೆ ನೋಡಿದಳು. ಹಾಕಿಬಿಡಬಹುದಿತ್ತು, ಯಾರಿಗೂ ಸಾಬೀತು ಮಾಡಲಾಗುತ್ತಿರಲಿಲ್ಲ. ಅಷ್ಟು ಮಾತ್ರ ಅವನ ಲೆಕ್ಕಕ್ಕೆ ಜಮೆಯಾಯಿತು, ಉಳಿದದ್ದು ಹಾಗೇ ಇತ್ತು.

"ಹೆಂಡತಿ ಬರೆದಿದ್ರೆ ನನ್ನದೇ ಆಯ್ತಲ್ಲ ಅಂತ ನಂಗೆ ನಾನೇ ಹೇಳ್ಕೊಂಡಿದ್ದೆ," ಎಂದ ಅವನು.

"ಆಗಲ್ಲ," ಎಂದಳು ಜರಡಿ ಥಟ್ಟನೆ. "ಬರೆದೋರದ್ದೇ ಅದು. ಮೇಡಂ, ಸಹಿ ಹಾಕಿದ್ರೂ ಇದು ನಿಮ್ಮದಾಗೇ ಇರುತ್ತೆ. ಎಲ್ಲರೂ ಬಳಸಬಹುದು, ತಿದ್ದಬಹುದು ಅಂತ ನೀವು ಒಪ್ಪಿಗೆ ಕೊಡ್ತೀರ, ಅಷ್ಟೇ. ಫೈಲಿನ ತಲೆಯ ಮೇಲೆ ನಿಮ್ಮ ಹೆಸರಿರುತ್ತೆ. ಇನ್ನೊಂದು ಪ್ರಶ್ನೆ. ಬರೆಯುವಾಗ ಈ ಶಾಲೇಲಿ ಕೆಲಸದಲ್ಲಿದ್ರಾ?"

"ಇದ್ದೆ. ರಜೆಯಲ್ಲಿ, ಮನೇಲಿ ಕೂತು ಬರೆದಿದ್ದು."

"ಆದ್ರೂ ಶಾಲೆಯವರು ನಾಳೆ ಬಂದು ನಮ್ಮದು ಅನ್ನಬಾರದಲ್ಲ. ಒಂದು ಕಾಗದ ಬೇಕು."

ಹೆಡ್ ಮೇಡಂ ಅಂದರೆ ಸೀಮೆಸುಣ್ಣದ ಡಬ್ಬಿ ತರಿಸುವುದಕ್ಕೂ ಸಮಿತಿ ಕರೆಯುವವರು. ಅವರ ಕೋಣೆಗೆ ಮೂವರೂ ಹೆಚ್ಚುಕಡಿಮೆ ಓಡಿಯೇ ಹೋದರು. ಅವರು ಕನ್ನಡಕ ಒರೆಸಿ, ಕಾಗದವನ್ನು ಒಮ್ಮೆ ಓದಿ, ಮತ್ತೊಮ್ಮೆ ಓದಿದರು. ಎರಡೂ ನಲವತ್ತಾಯಿತು. ಜರಡಿ ಪೆನ್ಸಿಲು ಕಚ್ಚತೊಡಗಿದಳು.

"ಇದರಿಂದ ಶಾಲೆಗೆ ತೊಂದರೆ ಇದೆಯಾ?"

"ಇಲ್ಲ ಮೇಡಂ."

"ಲಾಭ?"

"ಅದೂ ಇಲ್ಲ."

"ಹಾಗಾದ್ರೆ ಸಮಿತಿ ಯಾಕೆ?" ಎಂದು ಹೆಡ್ ಮೇಡಂ ಸಹಿ ಗೀಚಿ, ಮೊಹರು ಒತ್ತಿ, ಕಾಗದ ಆಚೆ ತಳ್ಳಿದರು. ಆಮೇಲೆ ಟೀಚರನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟೆಲ್ಲ ಬರುತ್ತೆ ಅಂತ ಹೇಳಲೇ ಇಲ್ವಲ್ಲ!" ಎಂದರು.

ಆ ಮಾತು ಟೀಚರ್‌ಗೆ ಎಲ್ಲೋ ನಾಟಿತು. ಸ್ಟಾಫ್ ರೂಮಿಗೆ ಮರಳಿ ಪೆನ್ನು ಹಿಡಿದವಳು, ಮೂರನೆಯ ಹಾಳೆಯ ಮೇಲೆ ಕಣ್ಣು ಬಿದ್ದು ಹಾಗೇ ನಿಂತಳು. ಅಲ್ಲೊಂದು ಸಂಖ್ಯೆ, ಅದರ ಪಕ್ಕ ಅವಳದೇ ಟಿಪ್ಪಣಿ. 'ಥಟ್ಟನೆ ಬರುವ ಸದ್ದನ್ನು ಎಷ್ಟು ಬೇಗ ತಡೆಯಬೇಕು? ಇದು ಅಂದಾಜು. ನಾಳೆ ಅಳೆದು ಸರಿಮಾಡಬೇಕು.'

ಆ ನಾಳೆ ಬರಲೇ ಇಲ್ಲ. ಕೋಡ್ ಹೊಂದಲಿಲ್ಲ ಅಂದಮೇಲೆ ಅಳೆಯುವುದೇನು?

"ರೀ," ಎಂದಳು. ಬೆರಳು ಆ ಸಂಖ್ಯೆಯ ಮೇಲಿತ್ತು. "ತಟ್ಟೆ ಬಿದ್ದಾಗೆಲ್ಲ ಅತ್ತೆ ಕಿವಿ ಮುಚ್ಕೊಂಡು ಮುದುಡಿಕೊಳ್ತಾರಲ್ಲ. ಅದು ಇದರಿಂದ."

"ಗೊತ್ತು," ಎಂದ ಅವನು ಮೆಲ್ಲಗೆ. "ಎಷ್ಟೋ ಜನ ದೂರು ಬರೆದ್ರು. ಆ ಸಂಖ್ಯೆ ಹೇಗೆ ಬಂತು ಅಂತ ನಂಗೆ ತಿಳೀಲಿಲ್ಲ. ಮುಟ್ಟೋಕೆ ಭಯ. ನಿನ್ನ ಕೇಳಿದ್ರೆ ಎಲ್ಲ ಬಯಲಾಗುತ್ತಲ್ಲ."

"ನಿಮ್ಮ ಮರ್ಯಾದೆ ಉಳೀಲಿ ಅಂತ ಹನ್ನೊಂದು ವರ್ಷ ನಿಮ್ಮ ತಾಯಿ ಬೆಚ್ಚಿಬೀಳ್ತಾ ಇದ್ರಾ?"

ಅವನ ಕಣ್ಣು ತುಂಬಿತು. ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು.

"ಅತ್ತೆಗೆ ಫೋನ್ ಮಾಡಿ. ಈಗಲೇ. ಯಾರು ಬರೆದಿದ್ದು ಅಂತ ನೀವೇ ಹೇಳಿ. ಆಮೇಲೆ ಸಹಿ."

"ಸಂಜೆ ಮನೆಗೆ ಹೋಗಿ ಹೇಳ್ತೀನಿ ಕಣೇ, ಆಣೆ ಮಾಡ್ತೀನಿ—"

"ಸಂಜೆ ಬೇಡ. ನಾಳೆ ಅಂದ್ರೆ ಏನಾಗುತ್ತೆ ಅಂತ ಆ ಹಾಳೇಲಿ ಬರೆದಿದೆ ನೋಡಿ."

ಜಪ್ಪಯ್ಯ ಅಂದರೂ ಅವಳು ಪೆನ್ನು ಮುಟ್ಟುವವಳಲ್ಲ ಎಂದು ಜರಡಿಗೂ ಗೊತ್ತಾಯಿತು. ನಲವತ್ತು ಸಾವಿರ ಕಿವಿಗಳು ಒಬ್ಬ ಗಂಡಸಿನ ನಾಲಿಗೆಯ ತುದಿಯಲ್ಲಿ ಬಂದು ನಿಂತಿದ್ದವು. ಅವನು ಮೂರು ಸಲ ಫೋನ್ ಎತ್ತಿ ಮೂರು ಸಲ ಕೆಳಗಿಟ್ಟ. ನಾಲ್ಕನೆಯ ಸಲಕ್ಕೆ ಗುಂಡಿ ಒತ್ತಿ, ಹೆಂಡತಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಅತ್ತೆಗೆ ಬರುವ ಕರೆ ನೇರ ಅವರ ಮಷಿನ್ನಿಗೇ ಹೋಗುತ್ತದೆ. ಅವನ ದನಿ ಆ ಕೋಡ್ ದಾಟಿಯೇ ತಾಯಿಯನ್ನು ಮುಟ್ಟಬೇಕಿತ್ತು.

"ಅಮ್ಮಾ, ನಿಮ್ಮ ಕಿವಿ ನಾನು ಮಾಡಿದ್ದಲ್ಲ," ಎಂದ. "ನಿಮ್ಮ ಸೊಸೆ ಮಾಡಿದ್ದು. ನಾನು ಅವಳಿಗೂ ಹೇಳದೆ ನನ್ನದು ಅಂದ್ಕೊಂಡು ಬಂದೆ."

ಆ ಕಡೆ ನಲ್ಲಿಯ ನೀರು ಬೀಳುವುದು ಕೇಳಿಸುತ್ತಿತ್ತು, ಅದು ನಿಂತಿತು.

"ಇನ್ನೊಂದು ಸಲ ಹೇಳು," ಎಂದರು ಅತ್ತೆ.

"ಕೇಳಿಸಲಿಲ್ವಾ ಅಮ್ಮ?"

"ನಂಗೆ ಚೆನ್ನಾಗೇ ಕೇಳಿಸ್ತು. ಪಕ್ಕದಲ್ಲಿದ್ದಾಳಲ್ಲ, ಅವಳಿಗೆ ಕೇಳೋ ಹಾಗೆ ಹೇಳು."

ಹೇಳಿದ. ಈ ಸಲ ಹೆಂಡತಿಯ ಮುಖ ನೋಡಿಯೇ ಹೇಳಿದ.

ಟೀಚರ್ ಪೆನ್ನೆತ್ತಿಕೊಂಡು ತನ್ನ ಪೂರ್ತಿ ಹೆಸರನ್ನು, ಮದುವೆಗೆ ಮುಂಚೆ ಅಂಕಪಟ್ಟಿಯಲ್ಲಿದ್ದ ಹಾಗೆಯೇ, ಬಿಡಿಸಿ ಬರೆದಳು. ಕೆಳಗೆ ಸಹಿ. ಅವನು 'ಈ ಕೆಲಸ ನನ್ನದಲ್ಲ' ಎಂಬ ಕಾಗದಕ್ಕೆ ಹಾಕಿದ. ಜರಡಿ ಮೂರೂ ಕಾಗದಗಳ ಚಿತ್ರ ತೆಗೆದು ಕಳಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆ ತುಂಬ ಓಡಾಡಿದಳು. ಭೂಗೋಳಕ್ಕೆ ಎಡವಿದಳು. ಮೂರೂ ಐವತ್ತೇಳಕ್ಕೆ ಫೋನ್ ಟಿಂಗ್ ಅಂದಿತು.

"ಹೊರಟಿತು!" ಎಂದು ಕಿರುಚಿದಳು. "ನಾನೂರ ಹನ್ನೆರಡೂ ಹೊರಟಿತು ಮೇಡಂ!" ಪರಿಚಯವಾಗಿ ಮೂರು ಗಂಟೆಯೂ ಆಗದ ಇಬ್ಬರು ಹೆಂಗಸರು ಕೈಕೈ ಹಿಡಿದು ಕುಣಿದರು. ಪಕ್ಕದ ತರಗತಿಯ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡಿದರು. ತಮ್ಮ ಲೆಕ್ಕದ ಟೀಚರ್‌ಗೂ ಕುಣಿಯಲು ಬರುತ್ತದೆಂದು ಅವರಿಗೆ ತಿಳಿದದ್ದೇ ಅವತ್ತು.

"ಇನ್ನು ಮೇಲೆ ಯಾರು ಬೇಕಾದ್ರೂ ತಿದ್ದುಪಡಿ ಕಳಿಸಬಹುದು ಅಂದ್ರಲ್ಲ," ಎಂದಳು ಟೀಚರ್ ಏದುಸಿರು ಬಿಡುತ್ತ. "ನಾನೂ ಕಳಿಸಬಹುದಾ?"

"ನೀವೇ ಮೊದಲು ಕಳಿಸಿ!"

ದಾರಿಯಲ್ಲಿ ಗಂಡ, "ಕೋಪ ಹೋಯ್ತಾ?" ಎಂದು ಕೇಳಿದ. "ಇಲ್ಲ," ಎಂದಳು. "ಹನ್ನೊಂದು ವರ್ಷದ್ದು, ಸ್ವಲ್ಪ ದಿನ ಇರುತ್ತೆ. ಲ್ಯಾಪ್‌ಟಾಪ್ ಕೊಡಿ. ಈ ಸಲ ನನ್ನ ಹೆಸರಲ್ಲೇ ಲಾಗಿನ್."

ಸಂಜೆ ಅದೇ ಊಟದ ಮೇಜು. ಅವಳು ಚಮಚದಿಂದ ತಟ್ಟೆ ಬಡಿದು ಬಡಿದು ಸದ್ದು ಅಳೆದಳು, ಅವನು ಸಂಖ್ಯೆ ಬರೆದುಕೊಂಡ. ಅಂದಾಜು ಹೋಗಿ ಸರಿಯಾದ ಅಂಕಿ ಬಂತು. ಅವನು ಎರಡು ಸಲ ಪರೀಕ್ಷಿಸಿದ ಮೇಲೆ ಅತ್ತೆಯ ಮಷಿನ್ನಿಗೆ ತುಂಬಿಸಿದಳು. ಅತ್ತೆ ಕಿವಿಗೆ ಸಿಕ್ಕಿಸಿಕೊಂಡು ಬೆನ್ನು ತಿರುಗಿಸಿ ಕೂತರು. ಸೊಸೆ ಒಂದು ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟಳು.

ಅತ್ತೆಯ ಹೆಗಲು ಅಲುಗಲಿಲ್ಲ. ಕೈ ಕಿವಿಗೆ ಹೋಗಲಿಲ್ಲ. ನಿಧಾನವಾಗಿ ತಿರುಗಿ, "ಏನದು ಬಿದ್ದಿದ್ದು?" ಎಂದರು.

"ತಟ್ಟೆ, ಅತ್ತೆ."

"ತಟ್ಟೆಯಾ? ಇಷ್ಟೇನಾ ಅದರ ಸದ್ದು?"

ಎದ್ದು ಬಂದರು. ಮೇಜಿನ ಮೇಲಿದ್ದ ಉಳಿದ ತಟ್ಟೆ, ಲೋಟ, ಮುಚ್ಚಳ ಎಲ್ಲವನ್ನೂ ಒಂದು ಕೈಯಿಂದ ಗುಡಿಸಿ ನೆಲಕ್ಕೆ ಬೀಳಿಸಿದರು. ಮನೆಯೆಲ್ಲ ಗದ್ದಲವೋ ಗದ್ದಲ. ಅದರ ನಡುವೆ ಸೊಸೆ ನಗುತ್ತ ಅಳುತ್ತಿದ್ದುದು ಅತ್ತೆಗೆ ಸ್ಪಷ್ಟವಾಗಿ ಕೇಳಿಸಿತು.