ಕಾಯಿ ಒಡೆದ ಹಳಿ

ಹಲ್ಲಿ ಬಂದು ಕ್ಯಾಮೆರಾ ರೋಬೋದ ಮೊಣಕೈ ಮೇಲೆಯೇ ಕೂತಿದೆ, ಇವತ್ತೇ ಕೂರಬೇಕಾ, ಅತ್ತೆ ನೋಡಿದರೆ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ಶಕುನ ಕೇಳುತ್ತಾರೆ, ರೋಬೋಗೆ ಬಲ ಯಾವುದು ಎಡ ಯಾವುದು, ಗೊತ್ತಿರುವುದು ನನಗೊಬ್ಬಳಿಗೇ — ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು, ಬಂದರು, ಇದನ್ನು ಕೊಳ್ಳುವವರು, ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಕಡೆಯ ನಾಗೇಂದ್ರಪ್ಪನವರು, ನನ್ನ ಗಂಡ ಸೋಮಶೇಖರ್ ಬೆಳಗಿನಿಂದ ಎಷ್ಟು ಸಲ ತಲೆ ಬಾಚಿಕೊಂಡರೋ, ಗಂಡಿನ ಕಡೆಯವರು ಬರುವ ಹಾಗೆ, ಹೆಣ್ಣು ತೋರಿಸುವವಳು ನಾನು, ಕಂಪ್ಯೂಟರಿನ ಮುಂದೆ ಕೂತು, ಯಾಕೆಂದರೆ ಇಡೀ ಹಗರಿಬೊಮ್ಮನಹಳ್ಳಿಯಲ್ಲಿ ಇದನ್ನು ಆಡಿಸಲು ಬರುವುದು ನನಗೆ ಮಾತ್ರ. ಚಂದಗೆ ಓಡಸು ಗಂಗಾ, ಒಪ್ಪಿದ್ರ ಸಂಜಿಗೇ ಲಾರಿ ಬರ್ತೈತಿ, ಎಂದರು ಇವರು. ಓಡಿಸುತ್ತೇನೆ, ಚೆನ್ನಾಗಿಯೇ ಓಡಿಸುತ್ತೇನೆ — ಚೆನ್ನೈನಲ್ಲಿ ಮುಚ್ಚಿದ ಯಾವುದೋ ಸ್ಟುಡಿಯೋದಿಂದ ಇದು ಬಂದ ದಿನ, ನಮ್ಮ ಫೋಟೋ ಸ್ಟುಡಿಯೋ ಆಗಿರುವ ಈ ಹಳೇ ಶೇಂಗಾ ಮಿಲ್ಲಿನ ಬಾಗಿಲು ಸಾಲದೆ ಗೋಡೆ ಒಡೆಸಿದೆವು, ಹಳಿ, ಹಳಿ ಮೇಲೆ ಗಾಡಿ, ಗಾಡಿ ಮೇಲೆ ಆಳೆತ್ತರದ ತೋಳು, ತುದಿಯಲ್ಲಿ ಕ್ಯಾಮೆರಾ, ಒಮ್ಮೆ ದಾರಿ ಹೇಳಿಕೊಟ್ಟರೆ ಎಷ್ಟು ಸಲ ಓಡಿಸಿದರೂ ಕೂದಲೆಳೆ ತಪ್ಪದೆ ಅದೇ ದಾರಿ, ಈ ಮನೆಯಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೆ ಕೇಳಿದ್ದು ಇದೊಂದೇ. ಹಡಗಲಿ ಮಲ್ಲಿಗೆ ಮೊಗ್ಗು ಬುಟ್ಟಿಗೆ ಸುರಿಯುವಾಗ ಮೊಗ್ಗಿನ ಜೊತೆಗೇ ಕ್ಯಾಮೆರಾ ಇಳಿಸಿದ್ದೆ, ನೋಡಿದವರು ಬಾಯಿ ಮೇಲೆ ಕೈ ಇಟ್ಟುಕೊಂಡರು, ಆಮೇಲೆ ಎಲ್ಲರೂ ಮೊಬೈಲಿನಲ್ಲೇ ತೆಗೆದುಕೊಳ್ಳತೊಡಗಿದರು, ಕೆಲಸ ನಿಂತಿತು, ಇನ್ನು ಇಲ್ಲಿ ಫ್ಲೆಕ್ಸ್ ಮಷೀನು ಬರುತ್ತದಂತೆ, ನಾನು ಮತ್ತೆ ಕೌಂಟರಿನಲ್ಲಿ ನಿಂತು ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ ಗದ್ದ ಎತ್ತಿ ಎನ್ನಬೇಕು, ನನಗೆ ಬೇಡ, ಬಾಯಿ ಬಿಟ್ಟು ಹೇಳಲಿಲ್ಲ, ಬೇಡವೇ ಬೇಡ.

ನಮಸ್ಕಾರಮ್ಮ, ಎಲ್ಲಿ ಒಮ್ಮೆ ಓಡಸ್ರಿ ನೋಡಣ, ಎನ್ನುತ್ತ ನಾಗೇಂದ್ರಪ್ಪನವರು ಒಳಗೆ ಬಂದರು. ಮೇಜಿನ ಮೇಲೆ ತಾಮ್ರದ ಚೊಂಬು, ಗಾಡಿ ಹೊರಟಿತು, ತೋಳು ಬಾಗಿತು, ಚೊಂಬು ಪರದೆಯನ್ನು ತುಂಬಿಕೊಳ್ಳುತ್ತಿದೆ, ಅಗೋ ಅಲ್ಲಿ ಹಳಿಯ ನಡುವೆ ಕಲೆ, ಎಂಟಾಣೆ ಅಗಲದ ತುಕ್ಕು — ಆಯುಧಪೂಜೆಗೆ ಅತ್ತೆ ಗುರುಬಸಮ್ಮ ಹಳಿ ಮೇಲೆಯೇ ಕಾಯಿ ಒಡೆದರು, ಕಬ್ಬಿಣದ ಮ್ಯಾಗ ಒಡದ್ರ ಚಂದಗೆ ಹೋಳಾಗತೈತಿ, ನಾನು ಒರೆಸಲು ಬಟ್ಟೆ ತಂದೆ, ಪೂಜಿ ಆದಮ್ಯಾಗ ಮುಟ್ಟಬಾರದವ್ವ, ನಾಳಿ ಬನ್ನಿ ಮುಡಿಯೋತನ ಇರ್ಲಿ, ಆಮೇಲೆ ಎಲ್ಲರೂ ಉಜ್ಜಿನಿ ಮಠಕ್ಕೆ ಹೋಗಿ ಕೆಲವು ದಿನ ಉಳಿದೆವು, ಬರುವಷ್ಟರಲ್ಲಿ ಕಾಯಿನೀರು ಕಬ್ಬಿಣ ತಿಂದಿತ್ತು, ಉಜ್ಜಿದೆ, ಎಣ್ಣೆ ಹಚ್ಚಿದೆ, ಹೋಗಲಿಲ್ಲ, ಅದರ ಮೇಲೆ ಹಾದರೆ ಚಿತ್ರ ಅಲುಗುತ್ತದೆ, ಅಂದಿನಿಂದ ಗಾಡಿಯನ್ನು ಕಲೆಯ ಇತ್ತಲೇ ನಿಲ್ಲಿಸುತ್ತೇನೆ, ಮಿಕ್ಕಿದ್ದನ್ನು ತೋಳು ಚಾಚಿ ಮುಗಿಸುತ್ತೇನೆ, ಗೊತ್ತಿರುವುದು ನನಗೆ, ಇವರಿಗೆ. ಈಗಲೂ ಇತ್ತಲೇ ನಿಂತಿತು. ಭಾಳ ಚಲೋ ಐತ್ರಿ, ಎಂದರು ನಾಗೇಂದ್ರಪ್ಪ, ಮುಗಿಯಿತು, ಒಪ್ಪಿಬಿಟ್ಟರು, ಇವರ ಮುಖ ಅರಳಿತು, ಲಾರಿ ಬರುತ್ತದೆ, ತೋಳು ಹೋಗುತ್ತದೆ, ಗದ್ದ ಎತ್ತಿ, ಇನ್ನೂ ಸ್ವಲ್ಪ ಎತ್ತಿ — ಇನ್ನೊಮ್ಮೆ ನೋಡ್ರಿ ಸರ್, ಹಳಿ ಪೂರಾ ಓಡಿಸ್ತೀನಿ, ಯಾರು ಅಂದದ್ದು, ನಾನೇ, ಬೆರಳು ಒತ್ತಿಯೇಬಿಟ್ಟಿತು.

ಕಲೆ ಹತ್ತಿರ ಬಂತು, ಇವರು ನನ್ನ ಕಡೆ ತಿರುಗಿದರು, ಗಂಗಾ, ಅಷ್ಟೇ ಅಂದರು, ಗಾಲಿ ಇಳಿದು ಹತ್ತಿತು, ತೋಳು ನಡುಗಿತು, ಪರದೆಯಲ್ಲಿ ಚೊಂಬು ಬಿಕ್ಕಿತು. ನೋಡಲಿ ಸಾಹೇಬರು, ನೋಡಿದರು, ನಕ್ಕರು, ಹಳಿ ಹಳೇದಾಗೈತಿ ಬಿಡ್ರಮ್ಮ, ನಮ್ದು ಬ್ಯಾರೆ ಐತಿ, ನಾವು ಒಯ್ಯೋದು ಗಾಡಿ, ತೋಳು, ಅಷ್ಟ, ಹಳಿ ನೀವ ಇಟ್ಕೊಳ್ರಿ. ನಾನ ಇಟ್ಕೋಬೇಕು. ಅವರ ಆಳುಗಳ ಸ್ಪ್ಯಾನರಿನ ಸದ್ದು ಶುರುವಾಗಿದೆ, ಹಲ್ಲಿ ಯಾವಾಗಲೋ ಓಡಿಹೋಗಿದೆ, ಇವರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು, ಬೇಕಂತ ಮಾಡಿದಿ ಹೌದಲ್ಲ, ನಾನು ಕಂಪ್ಯೂಟರ್ ಆರಿಸಿದೆ, ಬೇಡ ಅಂತ ಮೊದಲೇ ಹೇಳಬಾರದಿತ್ತೇನು, ಅಂದರು, ಮೊದಲೇ, ಬಾಯಿ ಬಿಟ್ಟು, ಕೇಳುತ್ತಿದ್ದರೇನೋ, ಕೇಳುತ್ತಿದ್ದರೇ, ತೋಳು ಇಳಿಸುತ್ತಿದ್ದಾರೆ, ಗಾಡಿ ಎತ್ತುತ್ತಿದ್ದಾರೆ, ಕೆಳಗೆ ಖಾಲಿ ಹಳಿ, ಹಳಿಯ ನಡುವೆ ಕಲೆ, ಎಂಟಾಣೆ ಅಗಲ, ಕಲೆ —